ಸತ್ತವರ ಸಾಲಿನ ಎಲೆ

“ಒಳಗೆ ಹೋಗಿ, ಅಪ್ಪನ ಮುಖ ನೋಡಿ, ಮಾತಾಡ್ಸಿ. ಬೇಡ ಹೇಳುದಿಲ್ಲ. ಆದ್ರೆ ಆ ಮನೆಯಲ್ಲಿ ಎಲೆಯ ಮುಂದೆ ಮಾತ್ರ ಕೂರ್ಬೇಡಿ ಮಾರಾಯ್ರೆ. ಹಸಿವಾದ್ರೆ ಇಲ್ಲಿಗೆ ಬನ್ನಿ, ನನ್ನ ಹತ್ರ ಬಾಳೆಹಣ್ಣುಂಟು.”

ಹೇಳಿದವನು ಒಣಮೀನು ಮಾರುವ ಮಮ್ಮು ಬ್ಯಾರಿ. ಹೇಳಿಸಿಕೊಂಡವನು ಹಾಸನದ ಬಸ್ಸಿನಿಂದ ಆಗಷ್ಟೇ ಗುಂಡ್ಯದಲ್ಲಿ ಇಳಿದಿದ್ದ ಚನಿಯಪ್ಪ. ಶಿರಾಡಿ ಘಾಟಿ ಇಳಿದು ಬಂದ ಬಸ್ಸು ಬ್ರೇಕು ಸುಟ್ಟ ವಾಸನೆಯನ್ನು ರಸ್ತೆಯ ತುಂಬ ಬಿಟ್ಟು ಉಪ್ಪಿನಂಗಡಿ ಕಡೆಗೆ ಹೋಗಿಯಾಗಿತ್ತು. ದೀಪಾವಳಿಯ ಅಮಾವಾಸ್ಯೆಯ ದಿನ. ಮಧ್ಯಾಹ್ನ ಇನ್ನೂ ಕಳೆದಿರಲಿಲ್ಲ, ಆದರೂ ಗುಡ್ಡಗಳ ನಡುವಿನ ಆ ಊರಿನಲ್ಲಿ ನೆರಳು ಆಗಲೇ ರಸ್ತೆಗೆ ಇಳಿದಿತ್ತು.

ಚನಿಯಪ್ಪ ನಕ್ಕ. “ಹೋಟೆಲಿನವನ ಮಗನಿಗೆ ಊಟಕ್ಕೆ ಕೂರ್ಬೇಡ ಹೇಳ್ತೀರಲ್ಲ ಬ್ಯಾರ್ರೆ! ನಮ್ಮಪ್ಪನ ಸಾರು ಅಷ್ಟು ಹಾಳಾಗಿದೆಯಾ?”

ಮಮ್ಮು ನಗಲಿಲ್ಲ. ಮೀನಿನ ಬುಟ್ಟಿಯ ಮೇಲೆ ಗೋಣಿ ಎಳೆದು, ಅತ್ತಿತ್ತ ನೋಡಿ, ದನಿ ತಗ್ಗಿಸಿದ. “ನಿಮ್ಮ ಹೆಸರಲ್ಲಿ ಎಂತದ್ದೋ ಮಾಡ್ಸಿದ್ದಾರೆ. ಸುಳ್ಯದ ಆಚೆಯಿಂದ ಒಬ್ಬ ಮಂತ್ರವಾದಿ ಬಂದಿದ್ದ. ನಾನು ಅಂಗಳದಲ್ಲೇ ಮೀನು ಕೊಟ್ಟು ಹೋಗುವವ, ಒಳಗಿನದ್ದು ನನಗೆ ಗೊತ್ತಿಲ್ಲ. ಆದ್ರೆ ನೀವು ಹಾಸನದಲ್ಲಿದ್ದಾಗ ಆ ಮನೆಯೊಳಗಿಂದ ನಿಮ್ಮ ಸ್ವರ ಕೇಳಿದ್ದೇನೆ. ಅಲ್ಲಾಹುವಿನ ಆಣೆ.”

“ನನ್ನ ಸ್ವರಕ್ಕೆ ಬಸ್ಸು ಚಾರ್ಜು ಇಲ್ಲ ಅಂತ ಕಾಣ್ತದೆ,” ಎಂದು ಚನಿಯಪ್ಪ ಟ್ರಂಕು ಹೆಗಲಿಗೇರಿಸಿದ.

ಅವನು ಮೋಟಾರು ಮೇಸ್ತ್ರಿ. ಅವನ ಲೋಕದಲ್ಲಿ ಸದ್ದು ಬಂತೆಂದರೆ ಎಲ್ಲೋ ಏನೋ ಸಡಿಲವಾಗಿದೆ ಎಂದರ್ಥ. ಸ್ಪ್ಯಾನರು ಹಾಕಿ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ. ಬಿಗಿ ಮಾಡಲಾಗದ ಸದ್ದನ್ನು ಅವನು ಈವರೆಗೆ ಕೇಳಿರಲಿಲ್ಲ. ಹೀಗಾಗಿ ಹೆದರುವವರನ್ನು ಕಂಡರೆ ಅವನಿಗೆ ಒಂದು ರೀತಿಯ ಖುಷಿ.

ಆದರೆ ಮಮ್ಮುವಿನ ಮಾತು ಕಿವಿಯಲ್ಲಿ ಉಳಿಯಿತು. ದೆವ್ವದ ಮಾತಲ್ಲ, ‘ನಿಮ್ಮ ಹೆಸರಲ್ಲಿ ಮಾಡ್ಸಿದ್ದಾರೆ’ ಎಂಬ ಮಾತು. ಮಾಡಿಸಿದ್ದು ಯಾರು? ಅಪ್ಪನೋ, ಅಥವಾ ಅಪ್ಪನ ಹೆಸರು ಹೇಳಿಕೊಂಡು ತಮ್ಮ ಪದ್ಮಯ್ಯನೋ?

ಚನಿಯಪ್ಪ ಊರು ಬಿಟ್ಟಾಗ ಘಾಟಿಯ ಮೇಲೆ ಮೈಸೂರು ರಾಜ್ಯ, ಕೆಳಗೆ ಮದರಾಸು ರಾಜ್ಯ. ಈಗ ಎರಡೂ ಒಂದಾಗಿ ಕೆಲವು ವರ್ಷ ಕಳೆದಿತ್ತು. ಸರಕಾರದಿಂದ ಆದ ಕೆಲಸ ಈ ಅಪ್ಪ ಮಗನಿಂದ ಆಗಿರಲಿಲ್ಲ. ಅಪ್ಪ ತ್ಯಾಂಪಣ್ಣ ಗೌಡರದು ರಸ್ತೆ ಬದಿಯ ಊಟದ ಹೋಟೆಲು. ಘಾಟಿ ಹತ್ತುವವರೂ ಇಳಿದವರೂ ಅಲ್ಲಿ ಉಣ್ಣದೆ ಮುಂದೆ ಹೋಗುತ್ತಿರಲಿಲ್ಲ. ಹಿರಿಯ ಮಗ ಬಡಿಸಲು ನಿಲ್ಲಬೇಕೆಂದು ಅಪ್ಪನ ಹಟ. ಲಾರಿಗಳ ಕೆಳಗೆ ನುಸುಳಿ ಮಲಗಬೇಕೆಂದು ಮಗನ ಹಟ. ಒಂದು ದಿನ ಗಿರಾಕಿಗಳ ಎದುರಿಗೇ ಮಾತು ಏರಿತು. ಉಣ್ಣುತ್ತಿದ್ದ ಚನಿಯಪ್ಪ ಅರ್ಧದಲ್ಲಿ ಎದ್ದು, ಅನ್ನ ತುಂಬಿದ ಎಲೆಯನ್ನು ಕಾಲಿನಿಂದ ಒದ್ದುಬಿಟ್ಟ.

ಅನ್ನದ ಎಲೆಯನ್ನು ಒದೆಯುವುದು! ಕುಡಿದವರೂ ಅಂಥ ಕೆಲಸ ಮಾಡುವುದಿಲ್ಲ. ಗೋಡೆಗೆ ಹಾರಿದ ಸಾರು ಇಳಿಯುವುದನ್ನು ನೋಡುತ್ತ ತ್ಯಾಂಪಣ್ಣ ಗೌಡರು ಹೇಳಿದ್ದರು: “ಇನ್ನು ನಿನಗೆ ನಾನು ಎಲೆ ಹಾಕುದಾದ್ರೆ ಸತ್ತವರ ಸಾಲಿನಲ್ಲಿ.”

ಆ ಮಾತನ್ನು ಹೊತ್ತುಕೊಂಡೇ ಚನಿಯಪ್ಪ ಅಂದಿನ ಲಾರಿ ಹತ್ತಿದ್ದ. ಅಪ್ಪ ಹಾಸಿಗೆ ಹಿಡಿದ ಸುದ್ದಿ ಒಬ್ಬ ಡ್ರೈವರನ ಬಾಯಿಂದ ವರ್ಕ್‌ಶಾಪಿಗೆ ಬಂದಾಗ ಅವನು ಸ್ಪ್ಯಾನರು ಕೆಳಗಿಟ್ಟು ಟ್ರಂಕು ತುಂಬಿದ. ಕೋಪ ಎಂದೋ ಆರಿಹೋಗಿತ್ತು, ಬಿಗುಮಾನ ಮಾತ್ರ ಉಳಿದಿತ್ತು. ಸಾಯುವ ಮೊದಲು ಅಪ್ಪ ತನ್ನ ಕಡೆ ನೋಡಿ ಒಮ್ಮೆ ‘ಚನಿಯಾ’ ಎಂದು ಕರೆಯಬೇಕು. ತಾನು ‘ಓ’ ಎನ್ನಬೇಕು. ಹಿರಿಯ ಮಗನಾಗಿ ಕೊನೆಯ ನೀರನ್ನು ಅವರ ಬಾಯಿಗೆ ಬಿಡಬೇಕು. ಅವನು ಬಂದದ್ದು ಇಷ್ಟಕ್ಕೇ.

ಹೋಟೆಲಿನ ಮುಂಬಾಗಿಲು ಮುಚ್ಚಿತ್ತು. ಮನೆ ಅದರ ಬೆನ್ನಿಗೇ ಅಂಟಿಕೊಂಡದ್ದು. ಅಂಗಳಕ್ಕೆ ಕಾಲಿಟ್ಟಾಗ ತಂಗಿ ಪರಮೇಶ್ವರಿ ಜಗಲಿಯಲ್ಲಿ ಬಾಳೆ ಎಲೆ ಒರೆಸುತ್ತಿದ್ದಳು. ಪೆರಾಬೆಗೆ ಮದುವೆ ಮಾಡಿಕೊಟ್ಟ ಹುಡುಗಿ, ಈಗ ತಲೆಯಲ್ಲಿ ಬಿಳಿ ಕೂದಲು. ಅವನನ್ನು ಕಂಡದ್ದೇ ಅವಳ ಕೈ ನಿಂತಿತು. ಅವಳು ನೋಡಿದ್ದು ಅಣ್ಣನ ಮುಖವನ್ನಲ್ಲ, ಪಾದಗಳನ್ನು. ಆಮೇಲೆ ಅವುಗಳ ನೆರಳನ್ನು. ನೋಡಿ ಮುಗಿದ ಮೇಲೆ ಅವಳ ಕಣ್ಣು ತುಂಬಿತು.

“ನೀನು... ಇವತ್ತೇ ಬರ್ಬೇಕಾ?”

ಬಾ ಎನ್ನಲಿಲ್ಲ. ಅಣ್ಣ ಎನ್ನಲಿಲ್ಲ. ಹೆಸರನ್ನಂತೂ ಎತ್ತಲೇ ಇಲ್ಲ. ಕೈಹಿಡಿದು, ಮನೆಯ ಬಾಗಿಲು ತಪ್ಪಿಸಿ, ಹೋಟೆಲಿನ ಖಾಲಿ ಹಾಲಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅವಲಕ್ಕಿ ತಂದಳು. ಬಟ್ಟಲಲ್ಲಿ ಅಲ್ಲ, ಎಲೆಯಲ್ಲಿ ಅಲ್ಲ, ತನ್ನ ಬೊಗಸೆಯಿಂದ ಅವನ ಬೊಗಸೆಗೆ ಸುರಿದಳು.

“ಬೇಡುವವನಿಗೂ ಎಲೆತುಂಡು ಹಾಕ್ತಾರಲ್ಲ ಪರಮೇಶ್ವರಿ,” ಎಂದ ಚನಿಯಪ್ಪ. ಅವನಿಗೆ ನಿಜವಾಗಿಯೂ ನೋವಾಗಿತ್ತು.

“ಮೆಲ್ಲ ಮಾತಾಡು. ಕೇಳ್ತದೆ.”

“ಯಾರಿಗೆ?”

ಅವಳು ಉತ್ತರಿಸುವ ಮೊದಲು ಪದ್ಮಯ್ಯ ಬಂದ. ಪುತ್ತೂರಿನ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಕಿರಿಯವನು, ಅಪ್ಪ ಮಲಗಿದ ಮೇಲೆ ಊರಿಗೆ ಬಂದು ನಿಂತಿದ್ದ. ಚನಿಯಪ್ಪ ಎದ್ದು ಹೆಗಲಿಗೆ ಕೈ ಹಾಕಿದರೆ ತಮ್ಮ ಕೆಂಡ ತಾಗಿದವನಂತೆ ಹಾರಿ ಗೋಡೆಗೆ ಬೆನ್ನು ಕೊಟ್ಟ. ಗೋಡೆಗೆ ಒರಗಿಸಿದ್ದ ಹಲಗೆಯೊಂದು ಆ ರಭಸಕ್ಕೆ ದಡಾರನೆ ಬಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ‘ಪದ್ಮಯ್ಯ ಗೌಡರ ಊಟದ ಹೋಟೆಲು’ ಎಂದು ಬರೆಸಿತ್ತು.

“ಅಪ್ಪ ಉಸಿರಾಡ್ತಾ ಇದ್ದಾರಲ್ವಾ ಪದ್ಮಯ್ಯಾ?” ಚನಿಯಪ್ಪ ಹಲಗೆಯನ್ನೇ ನೋಡುತ್ತ ಕೇಳಿದ. “ಬೋರ್ಡು ತಯಾರಾದ್ದು ನೋಡಿ ಕೇಳಿದ್ದು.”

“ಹೋಟೆಲು ಮುಚ್ಚಿದ್ರೆ ಮದ್ದಿಗೆ ಎಲ್ಲಿಂದ ತರುದು?” ಪದ್ಮಯ್ಯ ಗೋಡೆಯಿಂದ ಕದಲದೆ ಕೇಳಿದ. “ನೀನು ಬರ್ತಿ ಅಂತ ಯಾರಿಗೆ ಗೊತ್ತಿತ್ತು? ಸತ್ತವರು ಬರ್ತಾರಾ?”

ಪರಮೇಶ್ವರಿ ತಮ್ಮನ ಬಾಯಿ ಮುಚ್ಚಿದಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಅವಳು ಪಿಸುದನಿಯಲ್ಲಿ ಹೇಳತೊಡಗಿದಳು. ಅವನು ಮನೆ ಬಿಟ್ಟುಹೋದ ವರ್ಷವೇ ಅಪ್ಪ ಕೋಪದಲ್ಲಿ ಮಂತ್ರವಾದಿಯನ್ನು ಕರೆಸಿದ್ದರು. ಮಗ ಬದುಕಿದ್ದಾನೆಂದು ಗೊತ್ತಿದ್ದೂ, ಅವನ ಅಂಗಿಯನ್ನು ಬೈಹುಲ್ಲಿನ ಗೊಂಬೆಗೆ ತೊಡಿಸಿ ಸುಟ್ಟು, ಸತ್ತವರಿಗೆ ಮಾಡುವ ಕಾರ್ಯವನ್ನೆಲ್ಲ ಮಾಡಿಸಿದ್ದರು. ದೀಪಾವಳಿಯ ಅಮಾವಾಸ್ಯೆಗೆ ಮನೆಯ ಕುಲೆಗಳಿಗೆ, ಎಂದರೆ ತೀರಿಹೋದ ಹಿರಿಯರಿಗೆ, ಕತ್ತಲ ಕೋಣೆಯಲ್ಲಿ ಎಲೆ ಹಾಕಿ ಬಡಿಸುವ ಕ್ರಮವಿತ್ತಲ್ಲ, ಆ ಸಾಲಿನ ಕೊನೆಗೆ ಅವನ ಹೆಸರಲ್ಲಿ ಒಂದು ಎಲೆ ಹಾಕಿಸಿದ್ದರು.

“ಸತ್ತವನು ಇದ್ರೆ ಬಂದು ಉಣ್ತಾನೆ. ನೀನು ಬದುಕಿದ್ದಿ. ಹಾಕಿದ ಎಲೆ ಖಾಲಿ ಉಳಿದ್ರೆ ಯಾರಾದ್ರೂ ಬಂದು ಕೂರ್ತಾರೆ, ಹೋಟೆಲಿನವರಿಗೆ ಅದು ಗೊತ್ತಿಲ್ವಾ? ಬಂದು ಕೂತಿತು. ಮತ್ತೆ ಹೋಗ್ಲೇ ಇಲ್ಲ. ಮಾಡಿದ್ದಕ್ಕೆ ಅಪ್ಪ ಆಮೇಲೆ ತುಂಬ ಅತ್ತರು. ಈಗ ಆ ಹೆಸರು ಕರೆದ್ರೆ ಅದೇ ಓಗೊಡ್ತದೆ. ಇವತ್ತು ಕೊನೆಯದಾಗಿ ಬಡಿಸಿ, ಅದು ಉಂಡ ಎಲೆಯನ್ನು ಕಲ್ಲು ಕಟ್ಟಿ ಹೊಳೆಗೆ ಬಿಟ್ರೆ ಬಿಟ್ಟುಹೋಗ್ತದಂತೆ. ಇವತ್ತೊಂದು ಸಂಜೆ ಹೊರಗಿರು. ನಾಳೆ ನಾನೇ ಬಾಯ್ತುಂಬ ಕರೀತೇನೆ.”

ಚನಿಯಪ್ಪ ಕೈಯಲ್ಲಿದ್ದ ಅವಲಕ್ಕಿಯನ್ನು ಮೇಜಿನ ಮೇಲೆ ಮೆಲ್ಲನೆ ಸುರಿದ. ಕತೆ ಚೆನ್ನಾಗಿಯೇ ಇತ್ತು. ಬೋರ್ಡು ಇನ್ನೂ ಚೆನ್ನಾಗಿತ್ತು. ಇವತ್ತೊಂದು ಸಂಜೆ ಹೊರಗಿರು! ಇಷ್ಟು ವರ್ಷ ಹೊರಗಿದ್ದವನಿಗೆ ಇವತ್ತಿನ ಸಂಜೆಯದು ಮಾತ್ರ ಎಂಥ ವಿಶೇಷ? ಅಪ್ಪನ ಜೀವ ಇವತ್ತೇ ಹೋಗುತ್ತದೆಂದು ಇವರಿಗೆ ಗೊತ್ತಿದೆಯೇ? ಹೆತ್ತವರ ಕೊನೆ ಗಳಿಗೆಯಲ್ಲಿ ಹಿರಿಯವನು ಎದುರಿಗಿಲ್ಲದಂತೆ ನೋಡಿಕೊಂಡರೆ ಆಮೇಲೆ ಯಾರು ಕೇಳುತ್ತಾರೆ? ಒಂದೊಂದೇ ಸಂಶಯ ತಿರುಪಿನಂತೆ ಒಳಗಿಳಿಯಿತು.

“ಅಪ್ಪನನ್ನು ನೋಡ್ಬೇಕು,” ಎಂದವನೇ ಅವರಿಬ್ಬರನ್ನೂ ದಾಟಿ ಚಾವಡಿಗೆ ನಡೆದ.

ಚಾವಡಿಯಲ್ಲಿ ಕಷಾಯ, ಕರ್ಪೂರದೆಣ್ಣೆ, ಹಳೆಯ ಮೂತ್ರದ ವಾಸನೆ. ಹಂಡೆಯಂಥ ಸಾರಿನ ಪಾತ್ರೆಯನ್ನು ಒಬ್ಬರೇ ಎತ್ತುತ್ತಿದ್ದ ತ್ಯಾಂಪಣ್ಣ ಗೌಡರು ಚಾಪೆಯ ಮೇಲೆ ಒಂದು ಮಡಿಸಿದ ಬಟ್ಟೆಯಷ್ಟು ಆಗಿದ್ದರು. ಚನಿಯಪ್ಪ ಹತ್ತಿರ ಹೋದ. ಮಂಡಿಯೂರಿ, ಮುಖಕ್ಕೆ ಮುಖ ತಂದು, “ಅಪ್ಪಾ” ಎಂದ.

ಕಣ್ಣು ತೆರೆದೇ ಇತ್ತು. ಆ ನೋಟ ಅವನ ಮೂಲಕ ಹಾದು, ಅವನ ಬೆನ್ನ ಹಿಂದೆ, ಭತ್ತ ತುಂಬುವ ಪತ್ತಾಯದ ಪಕ್ಕದ ಕತ್ತಲ ಮೂಲೆಗೆ ಹೋಗಿ ನಿಂತಿತು.

“ಚನಿಯಾ,” ಎಂದರು ಅಪ್ಪ, ಮೂಲೆಗೆ. “ನೀರು.”

“ನಾನು ಇಲ್ಲಿದ್ದೇನೆ ಅಪ್ಪಾ. ಇಲ್ಲಿ ನೋಡಿ.”

ಅಪ್ಪ ಅವನನ್ನು ನೋಡಲಿಲ್ಲ. ತುಟಿ ಮೆಲ್ಲನೆ ಬಿರಿಯಿತು. ಗಂಟಲಗುಳಿ ಮೇಲೆ ಕೆಳಗೆ ಆಡಿತು, ಒಂದು ಗುಟುಕು, ಇನ್ನೊಂದು ಗುಟುಕು. ಗಲ್ಲದಿಂದ ನೀರು ಇಳಿದು ದಿಂಬು ಒದ್ದೆಯಾಯಿತು. ನೀರಿನ ಚೊಂಬು ಬಾಗಿಲ ಬಳಿಯಲ್ಲಿ, ಪರಮೇಶ್ವರಿಯ ಕೈಯಲ್ಲೇ ಇತ್ತು.

ಚನಿಯಪ್ಪ ತಲೆ ಎತ್ತಿ ಮಾಡು ನೋಡಿದ. ಹಂಚು ಒಣಗಿತ್ತು. ಮೂಲೆಗೆ ಹೋಗಿ ಕೈಯಾಡಿಸಿದ. ಗೋಡೆ ತಣ್ಣಗಿತ್ತು, ಅಷ್ಟೆ. ಯಾರೋ ಎದ್ದುಹೋದ ಬೆಂಚಿನ ಹಾಗೆ ಒಂದೇ ಒಂದು ಕಡೆ ಬೆಚ್ಚಗಿತ್ತು. ಅದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಕಷಾಯಕ್ಕೆ ಎಂತ ಹಾಕ್ತಿ?” ತಂಗಿಯನ್ನು ಗದರಿದ. “ಮಂಪರಿನ ಮದ್ದು ಕೊಟ್ಟು ಮಲಗಿಸಿದ್ದೀರಲ್ವಾ? ಹೆತ್ತ ಮಗನ ಗುರುತು ಸಿಗದ ಹಾಗೆ?”

ಪರಮೇಶ್ವರಿ ಬಿಕ್ಕಿದಳು. “ನಮ್ಮ ಮೇಲೆ ಇಷ್ಟು ಅನುಮಾನ ಇದ್ದವನು ಬರ್ಬಾರದಿತ್ತು.”

ಅವನಿಗೆ ಅಪ್ಪನ ಮೇಲೂ ಸಿಟ್ಟು ಬಂತು. ಕೊನೆಗಾಲದಲ್ಲೂ ಗೋಡೆಯನ್ನು ಮಗನೆಂದು ಕರೆಯುವ ಹಟ! ತಾನು ಎದುರಿಗೆ ಕೂತರೂ ಸತ್ತವನು, ಕತ್ತಲು ಬದುಕಿದ್ದು. ಎಂಥ ಮನೆ ಇದು?

ಸೂರ್ಯ ಗುಡ್ಡದ ಹಿಂದೆ ಇಳಿದಾಗ ಒಳಮನೆಯಲ್ಲಿ ಎಲೆ ಹಾಕಿದರು. ಚನಿಯಪ್ಪ ಹೋಟೆಲಿನ ಹಾಲಿನಲ್ಲಿ ಕೂತು ಕೇಳುತ್ತಿದ್ದ. ಮಣೆ ಎಳೆಯುವ ಸದ್ದು. ಎಲೆಗೆ ನೀರು ಚಿಮುಕಿಸುವ ಸದ್ದು. ಸೌಟು ತಾಗುವ ಸದ್ದು. ಅನ್ನ, ಕೋಳಿ ಸಾರು, ರೊಟ್ಟಿ, ಸುಟ್ಟ ಒಣಮೀನಿನ ಚಟ್ನಿ, ಕಳ್ಳು. ಒಂದೊಂದೇ ವಾಸನೆ ಗೋಡೆ ದಾಟಿ ಬಂತು. ಬೆಳಗ್ಗೆ ಸಕಲೇಶಪುರದಲ್ಲಿ ಕುಡಿದ ಚಹಾ ಬಿಟ್ಟರೆ ಅವನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಸುಟ್ಟ ಒಣಮೀನಿನ ಚಟ್ನಿ ಅವನ ಪ್ರಾಣ. ಆ ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಒಳಬಾಗಿಲು ಮುಚ್ಚಿತು. ಕುಲೆಗಳು ಉಣ್ಣುವಾಗ ಬದುಕಿದ್ದವರು ನೋಡಬಾರದು. ತಮ್ಮ, ತಂಗಿ ಇಬ್ಬರೂ ಅಂಗಳಕ್ಕೆ ಇಳಿದು ಬೆನ್ನು ಹಾಕಿ ನಿಂತ ಹೆಜ್ಜೆಸಪ್ಪಳವೂ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ಬಡಿದು, ಒಳಗೆ ಬರುವುದು ಕ್ರಮ.

ಹೋಟೆಲಿಗೂ ಒಳಮನೆಗೂ ನಡುವೆ, ಸಾರಿನ ಪಾತ್ರೆ ದಾಟಿಸಲೆಂದು ಅಪ್ಪ ಗೋಡೆಯಲ್ಲಿ ಒಂದು ಕಿಂಡಿ ಇಡಿಸಿದ್ದರು. ಹಲಗೆಯ ಬಾಗಿಲು, ಮರದ ಅಗುಳಿ. ಚಿಕ್ಕಂದಿನಲ್ಲಿ ಚನಿಯಪ್ಪ ಅದರಲ್ಲಿ ತೂರಿ ಬೆಲ್ಲ ಕದಿಯುತ್ತಿದ್ದ. ಬರುವಾಗ ಅವನು ಹೀಗೆಂದು ಯೋಚಿಸಿಕೊಂಡಿರಲಿಲ್ಲ. ಆದರೆ ಈಗ ಯೋಚನೆ ಒಂದೇ ಏಟಿಗೆ ತಯಾರಾಯಿತು. ಬಾಗಿಲು ತೆಗೆದಾಗ ಎಲೆಯ ಮುಂದೆ ಕೂತು ಉಣ್ಣುತ್ತಿರುವ ತನ್ನನ್ನು ಅವರು ನೋಡಬೇಕು. ನೋಡಿ, ನಿಮ್ಮ ಕುಲೆ ಬದುಕಿದೆ, ಕೋಳಿ ಸಾರು ಚೆನ್ನಾಗಿದೆ ಎನ್ನಬೇಕು. ಆಮೇಲೆ ಬೋರ್ಡಿನ ವಿಷಯ ಮಾತಾಡೋಣ. ಮಮ್ಮುವಿನ ಮಾತು ನೆನಪಾಗಿ ಅವನಿಗೆ ನಗು ಬಂತು.

ಅಗುಳಿ ಸರಿಸಿ ತೂರಿಕೊಂಡ.

ಒಳಗೆ ಕತ್ತಲು ದಪ್ಪವಾಗಿತ್ತು. ಮೂಲೆಯ ಹಣತೆಗೆ ತನ್ನ ಸುತ್ತ ಒಂದು ಮೊಳದಷ್ಟು ತೋರಿಸುವ ಶಕ್ತಿಯೂ ಇರಲಿಲ್ಲ. ಸಾಲಾಗಿ ಮಣೆ, ಸಾಲಾಗಿ ಎಲೆ. ಅಜ್ಜನದು, ಅಜ್ಜಿಯದು, ಅಮ್ಮನದು. ಕೊನೆಯದರಲ್ಲಿ ಮಾತ್ರ ಒಣಮೀನಿನ ಚಟ್ನಿ. ಅದರ ಮುಂದೆ ಕೂತ. ಮಣೆ ಬೆಚ್ಚಗಿತ್ತು.

ರೊಟ್ಟಿ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟ. ರುಚಿ ಇರಲಿಲ್ಲ. ಕುಲೆಗೆ ಮಾಡಿದ ಅಡುಗೆಯ ರುಚಿ ನೋಡಬಾರದೆಂಬ ಕ್ರಮ ಉಂಟು, ಉಪ್ಪು ಹಾಕಲು ಮರೆತಿರಬೇಕು ಅಂದುಕೊಂಡ. ಚಟ್ನಿ ನೆಕ್ಕಿದ. ಅದೂ ಸಪ್ಪೆ. ಕಳ್ಳು ಕುಡಿದ. ನೀರಿಗಿಂತ ಸಪ್ಪೆ. ಆದರೂ ಕೈ ನಿಲ್ಲಲಿಲ್ಲ. ಹಸಿವು ತಗ್ಗುವ ಬದಲು ಏರುತ್ತಿತ್ತು. ತಿಂದಷ್ಟೂ ಹೊಟ್ಟೆ ಖಾಲಿಯಾಗುತ್ತಿತ್ತು.

ಸದ್ದು.

ಅವನು ಜಗಿಯುವುದನ್ನು ನಿಲ್ಲಿಸಿದ. ಜಗಿಯುವ ಸದ್ದು ನಿಲ್ಲಲಿಲ್ಲ.

ಎಲ್ಲೋ ಏನೋ ಸಡಿಲವಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಇಲಿ ಇರಬೇಕು. ಬೆಕ್ಕು ಇರಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿತ್ತು. ಎಲೆಯ ಆಚೆ ತುದಿಯಲ್ಲಿ ಅನ್ನದ ರಾಶಿ ಕರಗುತ್ತಿತ್ತು. ತನ್ನ ಕಡೆಯದ್ದು ಹಾಗೇ ಇತ್ತು. ಅವನು ಅಷ್ಟು ತಿಂದಿದ್ದ. ಒಂದು ಅಗುಳೂ ಕಡಿಮೆಯಾಗಿರಲಿಲ್ಲ.

ಆಚೆಯಿಂದ ಒಂದು ಕೈ ಬಂತು.

ಎಣ್ಣೆಮಸಿ ಕಚ್ಚಿದ ಉಗುರು. ಮಣಿಕಟ್ಟಿನಲ್ಲಿ ಸುಟ್ಟ ಕಲೆ. ದೋಸೆಯ ಕಾವಲಿ ತಾಗಿದ್ದು. ಅವನಿಗೆ ಎಂಟು ವರ್ಷವಿದ್ದಾಗ. ಅವನ ಕೈ. ಅವನ ಕೈಯೇ.

ಏಳಬೇಕು. ಕಾಲು ಏಳಲಿಲ್ಲ. ಕೂಗಬೇಕು. ಉಸಿರು ಬರಲಿಲ್ಲ. ಎದುರು ಕೂತದ್ದು ಅವಸರ ಮಾಡಲಿಲ್ಲ. ಬೆರಳು ನೆಕ್ಕಿತು. ತೇಗಿತು. ಬ್ರೇಕು ಸುಟ್ಟ ವಾಸನೆ, ಬಸ್ಸಿನ ಧೂಳು, ಸಕಲೇಶಪುರದ ಚಹಾ. ಅವನ ಮೈಯ ವಾಸನೆಯೆಲ್ಲ ಆ ಕಡೆಯಿಂದ ಬರುತ್ತಿತ್ತು. ಅವನ ಕಡೆ ಯಾವ ವಾಸನೆಯೂ ಉಳಿದಿರಲಿಲ್ಲ.

ಆಗ ಚಾವಡಿಯಿಂದ ಅಪ್ಪನ ದನಿ ಬಂತು.

“ಚನಿಯಾ!”

ಇಷ್ಟು ವರ್ಷ ಕಾದ ಕರೆ. ಇದಕ್ಕೇ ಬಂದದ್ದು. ಪ್ರಾಣವನ್ನೆಲ್ಲ ಗಂಟಲಿಗೆ ತಂದು ಅವನು ಬಾಯಿ ತೆರೆದ.

“ಓ!” ಎಂದಿತು ಎದುರಿಗಿದ್ದುದು. ಅವನ ಸ್ವರದಲ್ಲಿ.

ಅದು ಎಲೆಯನ್ನು ತನ್ನ ಕಡೆಗೆ ಮಡಚಿತು, ಹೋಟೆಲಿನಲ್ಲಿ ಉಂಡವರು ಊಟ ಮುಗಿಯಿತೆಂದು ಮಡಚುವ ಹಾಗೆ. ಎದ್ದಿತು. ಅದರ ಮೇಲೆ ಅವನ ಅಂಗಿ, ಅವನ ಪಂಚೆ. ಹಣತೆಯ ಬೆಳಕಿನಲ್ಲಿ ಅದಕ್ಕೆ ನೆರಳಿತ್ತು. ಅವನು ತನ್ನ ಪಕ್ಕ ನೋಡಿಕೊಂಡ. ಅಲ್ಲಿ ಬರೀ ನೆಲ.

ಹೊರಗೆ ಪದ್ಮಯ್ಯ ಕೆಮ್ಮಿದ. ಬಾಗಿಲು ತೆರೆಯಿತು. ಲಾಂದ್ರದ ಬೆಳಕು. ಪರಮೇಶ್ವರಿಯ ಕಿರುಚು.

“ನೀನು! ಒಳಗೆ ಹೇಗೆ ಬಂದಿ? ಉಂಡಿಯಾ? ಎಲೆಯಲ್ಲಿ ಉಂಡಿಯಾ?”

“ಹಸಿವಾಗಿತ್ತು ಮಾರಾಯ್ತಿ,” ಎಂದಿತು ಅದು, ನಕ್ಕು. “ನೋಡು, ಎಂತ ಆಯ್ತು? ಕುಲೆಯೂ ಇಲ್ಲ, ಗಿಲೆಯೂ ಇಲ್ಲ. ನಿಮ್ಮ ಹೆದರಿಕೆಗೆ ನಾನು ಹೊರಗೆ ಉಪವಾಸ ಬೀಳ್ಬೇಕಾ?”

ಪರಮೇಶ್ವರೀ, ನಾನು ಇಲ್ಲಿದ್ದೇನೆ! ಚನಿಯಪ್ಪ ಅವಳ ಕಾಲ ಬಳಿಯೇ ಇದ್ದ. ಕೂಗಿದ. ಮಣೆಯ ಮೇಲೆ ಬಡಿದ. ಹಣತೆಯ ಕುಡಿ ಸ್ವಲ್ಪ ಅಲ್ಲಾಡಿತು, ಅಷ್ಟೆ. ತಂಗಿ ಅದರ ಪಾದ ನೋಡಿದಳು. ನೆರಳು ನೋಡಿದಳು. ಎರಡೂ ಸರಿಯಾಗಿದ್ದವು. ನಿಟ್ಟುಸಿರು ಬಿಟ್ಟು, ಕಣ್ಣೊರೆಸಿಕೊಂಡು ಹೊರಗೆ ನಡೆದಳು.

ಚಾವಡಿಯಲ್ಲಿ ಅಪ್ಪನಿಗೆ ಉಸಿರು ಮೇಲೆ ಹತ್ತಿತ್ತು. ಅದು ಮಂಡಿಯೂರಿ ಕೂತಿತು. ಪದ್ಮಯ್ಯ ಚೊಂಬು ಕೊಟ್ಟ. ಪರಮೇಶ್ವರಿ ತುಳಸಿ ಹಾಕಿದಳು. ಹಿರಿಯ ಮಗನ ಬಲಗೈಯಿಂದ ನೀರು ಅಪ್ಪನ ಬಾಯಿಗೆ ಇಳಿಯಿತು. ಚನಿಯಪ್ಪ ಓಡಿ ಹೋಗಿ ಆ ಕೈ ಹಿಡಿಯಲು ನೋಡಿದ. ಹಿಡಿಯಲು ಅವನಲ್ಲಿ ಏನೂ ಇರಲಿಲ್ಲ. ಹಿಂದಕ್ಕೆ ಸರಿಯುತ್ತ ಸರಿಯುತ್ತ ಪತ್ತಾಯದ ಪಕ್ಕದ ಮೂಲೆಗೆ ಬಂದು ನಿಂತ. ಅಲ್ಲಿ ಅವನಿಗೆ ಅಳತೆ ಮಾಡಿಟ್ಟಂಥ ಜಾಗವಿತ್ತು.

ಅಪ್ಪನ ಕಣ್ಣು ಎದುರಿಗೆ ಕೂತ ಮಗನನ್ನು ದಾಟಿ ಮೂಲೆಗೆ ಬಂತು. ಬಂದು ಅವನ ಮುಖದ ಮೇಲೆ ನಿಂತಿತು. ಗುರುತು ಸಿಕ್ಕಿತು. ಆ ಕಣ್ಣಿನಲ್ಲಿ ಮೊದಲು ಪ್ರೀತಿ ಬಂತು, ಆಮೇಲೆ ಹೆದರಿಕೆ.

“ಚನಿಯಾ,” ಎಂದರು ತ್ಯಾಂಪಣ್ಣ ಗೌಡರು, ನೀರು ಬಾಯಿಂದ ಹೊರಗೆ ಹರಿಯುತ್ತ. “ನೀನು ಅಲ್ಲಿ ಯಾಕೆ ನಿಂತಿ ಮಗಾ?”

ಅದೇ ಅವರ ಕೊನೆಯ ಮಾತು. ಮುದುಕರಿಗೆ ಕೊನೆಯಲ್ಲಿ ಭ್ರಮೆ ಎಂದು ಬಂದವರೆಲ್ಲ ಹೇಳಿದರು.

ರಾತ್ರಿ ಕೋಣೆ ಸಾರಿಸಲು ಹೋದ ಪರಮೇಶ್ವರಿ ಆ ಕೊನೆಯ ಎಲೆಯನ್ನು ಬಿಡಿಸಿ ನೋಡಿದಳು. ಒಂದು ಅರ್ಧ ನೆಕ್ಕಿದ ಹಾಗೆ ಖಾಲಿ. ಇನ್ನೊಂದು ಅರ್ಧದಲ್ಲಿ ಅನ್ನ, ರೊಟ್ಟಿ, ಚಟ್ನಿ ಎಲ್ಲ ಹಾಗೇ ಇತ್ತು. ಅನ್ನದಲ್ಲಿ ಬೆರಳಾಡಿಸಿದ ಗುರುತು ಮಾತ್ರ ಇತ್ತು. ಅವಳು ಎಲೆಯನ್ನು ಎದೆಗೆ ಒತ್ತಿಕೊಂಡು ತುಂಬ ಹೊತ್ತು ಕೂತಿದ್ದಳು. ಹೊಳೆಗೆ ಬಿಡಲಿಲ್ಲ. ಬಿಟ್ಟರೆ ಹೋಗುವವನು ಯಾರೆಂದು ಅವಳಿಗೆ ಆಗ ಅರ್ಥವಾಗಿತ್ತು.

ಹೋಟೆಲು ಮತ್ತೆ ತೆರೆಯಿತು. ಪದ್ಮಯ್ಯ ಹಲಗೆಯ ಮೇಲಿನ ತನ್ನ ಹೆಸರು ಅಳಿಸಿ ಅಣ್ಣನ ಹೆಸರು ಬರೆಸಿದ; ತಪ್ಪು ತಿಳಿದುಕೊಂಡಿದ್ದೆ ಎಂದು ಅಣ್ಣ ಬಾಯ್ತುಂಬ ಹೇಳಿದ ಮೇಲೆ ಅವನಿಗೆ ಅಷ್ಟು ಖುಷಿಯಾಗಿತ್ತು. ವ್ಯಾಪಾರ ಚೆನ್ನಾಗಿ ನಡೆಯಿತು. ಹೊಸ ಯಜಮಾನ ನಗುನಗುತ್ತ ಬಡಿಸುತ್ತಿದ್ದ. ಅವನು ಉಣ್ಣುವುದನ್ನು ಮಾತ್ರ ಯಾರೂ ನೋಡಲಿಲ್ಲ. ಸಾರಿಗೆ ಉಪ್ಪು ಸಾಲದೆಂದು ಗಿರಾಕಿಗಳು ಹೇಳಿದರೆ ಅವನಿಗೆ ಅದು ಅರ್ಥವಾಗುತ್ತಿರಲಿಲ್ಲ. ಮಮ್ಮು ಆ ಅಂಗಳಕ್ಕೆ ಮೀನು ತರುವುದನ್ನು ನಿಲ್ಲಿಸಿದ.

ಮೂಲೆಯಲ್ಲಿ ನಿಂತವನು ಇದನ್ನೆಲ್ಲ ನೋಡುತ್ತಿದ್ದ. ಅವನಿಗೆ ದಿನಗಳಿರಲಿಲ್ಲ, ಹಸಿವು ಮಾತ್ರ ಇತ್ತು. ಎದುರಿನ ಹಾಲಿನಲ್ಲಿ ಎಲೆಯ ಮೇಲೆ ಎಲೆ ಬೀಳುತ್ತಿತ್ತು, ಅನ್ನದ ಹಬೆ ಏಳುತ್ತಿತ್ತು. ಯಾವ ಎಲೆಯೂ ಅವನ ಹೆಸರಿನದಲ್ಲ. ತಾನು ಅಂದು ಒದ್ದ ಎಲೆ ಅವನಿಗೆ ಸದಾ ಕಾಣುತ್ತಿತ್ತು. ಗೋಡೆಗೆ ಹಾರಿದ ಆ ಸಾರನ್ನು ನೆಕ್ಕುವಷ್ಟು ಹಸಿವು.

ಮುಂದಿನ ದೀಪಾವಳಿಗೆ ಪರಮೇಶ್ವರಿ ಪೆರಾಬೆಯಿಂದ ಬಂದಳು. ಸಂಜೆ ಒಳಮನೆಯಲ್ಲಿ ಎಲೆ ಹಾಕಿದರು. ಅಜ್ಜನಿಗೆ, ಅಜ್ಜಿಗೆ, ಅಮ್ಮನಿಗೆ, ಈಗ ಅಪ್ಪನಿಗೆ. ಕೊನೆಯ ಜಾಗದಲ್ಲಿ ಮಣೆ ಇಡಹೊರಟ ತಂಗಿಯ ಕೈಯನ್ನು ಯಜಮಾನ ತಡೆದ.

“ಅದು ಯಾರಿಗೆ? ನಾನು ಬದುಕಿದ್ದೇನಲ್ಲ?” ಎಂದು ನಕ್ಕ.

ಅವಳು ಮಣೆ ಎತ್ತಿದಳು. ಎಲ್ಲರೂ ಹೊರಗೆ ಹೋದರು. ಯಜಮಾನ ಹೋಟೆಲಿನ ಹಣದ ಗಲ್ಲೆಗೆ ಹೋಗಿ ಕೂತ. ಬಾಗಿಲು ಮುಚ್ಚುವ ಕೊನೆಯ ಗಳಿಗೆಯಲ್ಲಿ ಪರಮೇಶ್ವರಿ ಒಬ್ಬಳೇ ತಿರುಗಿ ಬಂದು, ಸೆರಗಿನೊಳಗಿಂದ ಅಂಗೈಯಗಲದ ಒಂದು ಎಲೆತುಂಡು ತೆಗೆದು, ಸಾಲಿನಿಂದ ಆಚೆ, ಕತ್ತಲಿಗೆ ಸರಿಸಿದಳು. ಅದರ ಮೇಲೆ ಒಂದು ತುತ್ತು ಅನ್ನ, ಸುಟ್ಟ ಒಣಮೀನಿನ ಚಟ್ನಿ. ಉಪ್ಪು ಹಾಕಿದ್ದಳು, ವಾಸನೆಯಿಂದಲೇ ಅವನಿಗೆ ಗೊತ್ತಾಯಿತು.

ಅವನು ಅದರ ಮುಂದೆ ಬಂದು ಕೂತ. ಆದರೆ ಕರೆಯದೆ ಉಣ್ಣುವ ಹಾಗಿಲ್ಲ. ಕರೆದರೆ ಮಾತ್ರ ಎಲೆ ಅವನದು. ಒಮ್ಮೆ ಕರೆ ತಂಗೀ, ಎಂದು ಅವಳ ಬಾಯನ್ನೇ ನೋಡಿದ.

ಪರಮೇಶ್ವರಿ ಕತ್ತಲಿಗೆ ಬಗ್ಗಿದಳು. ಹೆಸರು ಎತ್ತಲು ಅವಳಿಗೆ ಧೈರ್ಯವಾಗಲಿಲ್ಲ. ಉಸಿರಿನಷ್ಟೇ ಮೆಲ್ಲನೆ ಅಂದಳು:

“ಅಣ್ಣಾ...”

“ಓ!” ಎಂದಿತು ಗಲ್ಲೆಯ ಕಡೆಯಿಂದ ದನಿ. “ಬಂದೆ, ಬಂದೆ!”

ಕಿಂಡಿಯ ಅಗುಳಿ ಸರಿಯಿತು. ಪರಮೇಶ್ವರಿ ಎಲೆತುಂಡನ್ನು ಬಾಚಿ ಸೆರಗಿಗೆ ಹಾಕಿಕೊಂಡು, ತಿರುಗಿಯೂ ನೋಡದೆ ಅಂಗಳಕ್ಕೆ ಓಡಿದಳು.